ಒಂದು ವಿಡಿಯೋಗಾಗಿ ಇಡೀ ಊರಿನ ನೆಟ್ ಬಂದ್ ಮಾಡಬೇಕೇ?

ಜಮಖಂಡಿ ಸೇವಾಕೇಂದ್ರ

ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತೇನೆ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ, ಬೆಳೆ ವಿಮೆ ಇದೇ ನನ್ನ ಕೆಲಸ.

ಗಣೇಶ ಹಬ್ಬಕ್ಕೆ ಮುಂಚೆ ನಮ್ಮಲ್ಲಿ ಶಾಂತಿ ಸಭೆ ನಡೆಯಿತು. ಬೇರೆ ರಾಜ್ಯದ ಹಳೇ ಗಲಾಟೆಯ ವಿಡಿಯೋ ಒಂದನ್ನು ಯಾರೋ "ನಿನ್ನೆ ಪಕ್ಕದ ಊರಲ್ಲಿ ಆಗಿದ್ದು" ಎಂದು ಬರೆದು ಗ್ರೂಪಿಗೆ ಬಿಟ್ಟಿದ್ದರು. ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ವಿಸರ್ಜನೆ ಮುಗಿಯೋ ತನಕ ನೆಟ್ ಬಂದ್ ಮಾಡಿಸ್ರಿ, ಎಲ್ಲಾ ತಣ್ಣಗಾಗತೈತಿ" ಅಂದರು. ಚಪ್ಪಾಳೆ ಬಿತ್ತು. ನೆಟ್ ಬಂದ್ ಆಗಲಿಲ್ಲ. ಹಬ್ಬ ಸುಸೂತ್ರ ಮುಗಿಯಿತು.

ಕೆಲವು ದಿನ ಬಿಟ್ಟು ರಸ್ತೆ ಅಗೆಯುವಾಗ ಜೆಸಿಬಿ ಬಾಯಿಗೆ ಫೈಬರ್ ಸಿಕ್ಕು ಊರಿನ ನೆಟ್ ನಿಜವಾಗಿಯೂ ಹೋಯಿತು. ಬಂದ್ ಅಂದರೆ ಏನು ಅಂತ ಆಗ ಎಲ್ಲರೂ ನೋಡಿದೆವು. ರೇಷನ್ ಅಂಗಡಿ ಮುಂದೆ ಬೆಳಿಗ್ಗೆಯಿಂದಲೇ ಪಾಳಿ. ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿದರೆ ಪರದೆಯಲ್ಲಿ ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಒಬ್ಬ ಅಜ್ಜಿ ಬೆರಳಿಗೆ ಏನೋ ಹತ್ತಿದೆ ಅಂತ ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಿದ್ದಳು. "ಬೆರಳಿಂದಲ್ಲ ಆಯಿ, ನೆಟ್ ಇಲ್ಲ" ಅಂದರೂ ಅವಳಿಗೆ ಸಮಾಧಾನವಿಲ್ಲ. ಕೂಲಿ ಬಿಟ್ಟು ಬಂದಿದ್ದಳು. ಬರಿಗೈಲಿ ಹೋದಳು.

ಸುಳ್ಳು ಹಬ್ಬಿಸಿದವನು ಒಬ್ಬ. ಅವನ ಮಾತು ಹೋಗುವ ದಾರಿಯನ್ನೇ ಮುಚ್ಚಿದರೆ ಈ ಅಜ್ಜಿಯ ಅಕ್ಕಿಯೂ ನಿಲ್ಲುತ್ತದೆ. ಹಾಗಾದರೆ ನೆಟ್ ಬಂದ್ ಮಾಡುವ ಅಧಿಕಾರ ಯಾರಿಗಿದೆ? ಅದು ಯಾವಾಗ ಸರಿ? ಮುಂದಿನ ಸಭೆಯಲ್ಲಿ ಮಾತಾಡಬೇಕು ಅಂತಿದ್ದೇನೆ. ತಿಳಿದವರು ಹೇಳಿ.

ಗುಮ್ಮಟನಗರಿ ವಕೀಲ

ಅಕ್ಕಾವರೇ, ಮೊದಲು ಅಧಿಕಾರದ ಮಾತು. ತಹಶೀಲ್ದಾರರಿಗೆ ಇಲ್ಲ, ಠಾಣೆಗೆ ಇಲ್ಲ. ಜಿಲ್ಲಾಧಿಕಾರಿ, ಎಸ್‌ಪಿ ಶಿಫಾರಸು ಮಾಡಬಹುದು ಅಷ್ಟೇ. 2017ರಲ್ಲಿ ಇದಕ್ಕಾಗಿಯೇ ನಿಯಮ ಬಂತು, ಅದರ ಜಾಗಕ್ಕೆ 2024ರ ನವೆಂಬರ್‌ನಲ್ಲಿ ಹೊಸ ನಿಯಮ ಬಂದಿದೆ. ಎರಡರಲ್ಲೂ ಆದೇಶ ಹೊರಡಿಸುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ತೀರಾ ಅನಿವಾರ್ಯವಾದರೆ ಜಂಟಿ ಕಾರ್ಯದರ್ಶಿ ದರ್ಜೆಯ ಅಧಿಕಾರಿ ಕೊಡಬಹುದು. ಅದಕ್ಕೂ 24 ಗಂಟೆಯೊಳಗೆ ಮೇಲಿನವರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಆದೇಶ ಬಿದ್ದುಹೋಗುತ್ತದೆ.

ಆದೇಶದಲ್ಲಿ ಕಾರಣ ಇರಬೇಕು, ಯಾವ ಪ್ರದೇಶ ಅಂತ ಇರಬೇಕು, ಅದನ್ನು ಪ್ರಕಟಿಸಬೇಕು. 15 ದಿನ ಮೀರುವಂತಿಲ್ಲ. ಆಮೇಲೆ ಪರಿಶೀಲನಾ ಸಮಿತಿ ಅದನ್ನು ನೋಡಬೇಕು. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಕಾಶ್ಮೀರದ ನೆಟ್ ಬಂದ್ ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದ್ದರ ತಿರುಳೂ ಇದೇ. ಮಾತಾಡುವ ಹಕ್ಕು, ವ್ಯಾಪಾರ ಮಾಡುವ ಹಕ್ಕು ಎರಡಕ್ಕೂ ನೆಟ್ ಮೇಲೆ ಸಂವಿಧಾನದ ರಕ್ಷಣೆ ಇದೆ. ಗಡುವಿಲ್ಲದೆ ಬಂದ್ ಮಾಡುವಂತಿಲ್ಲ. ಮುಚ್ಚಿಟ್ಟ ಆದೇಶ ನಡೆಯುವುದಿಲ್ಲ.

ಸಭೆಯಲ್ಲಿ ಚಪ್ಪಾಳೆ ಬಿದ್ದರೆ ಆಗುವ ಕೆಲಸವಲ್ಲ ಇದು.

ಬಾದಾಮಿ ಮಾಸ್ತರ್

ವಕೀಲರೇ, ಕಾಗದದ ಮೇಲೆ ಎಲ್ಲ ಚೆಂದ. 2018ರ ಜುಲೈ ನೆನಪಿದೆಯೇ? ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿ ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಸುಮ್ನೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದಕ್ಕೆ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಲ್ಲೂ ಒಬ್ಬ ಹೀಗೇ ಸತ್ತಿದ್ದ. ಇಂಥ ಕಡೆ ಕಾರ್ಯದರ್ಶಿ ಸಹಿ, ಸಮಿತಿ ಸಭೆ ಅಂತ ಕೂತರೆ ಹೆಣ ಬಿದ್ದಿರುತ್ತದೆ.

ನಾನು ನಮ್ಮೂರಿನ ಎರಡು ಗ್ರೂಪಿಗೆ ಅಡ್ಮಿನ್. ರಾತ್ರಿ ಮಲಗುವಾಗ ಭಯ ಆಗುತ್ತದೆ, ಬೆಳಗಾಗುವಷ್ಟರಲ್ಲಿ ಯಾರು ಏನು ಹಾಕಿರುತ್ತಾರೋ ಅಂತ. ಒಂದು ದಿನ ನೆಟ್ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಒಂದು ಸುಳ್ಳಿನಿಂದ ಸಾಯುತ್ತಾರೆ.

ಜಮಖಂಡಿ ಸೇವಾಕೇಂದ್ರ

ಸರ್, ನಿಮ್ಮ ಭಯ ನನಗೂ ಇದೆ, ನಾನೂ ಅಡ್ಮಿನ್. ಆದರೆ "ಯಾರೂ ಸಾಯುವುದಿಲ್ಲ" ಅನ್ನುವುದನ್ನು ಒಪ್ಪಲಾರೆ. ನೆಟ್ ಹೋದ ದಿನ ಜಮಖಂಡಿಯ ಆಸ್ಪತ್ರೆಗೆ ಹೋದವರೊಬ್ಬರು ಫೋನ್‌ಪೇ ಇದೆ ಅಂತ ಕೈಯಲ್ಲಿ ಕಾಸಿಲ್ಲದೆ ಹೋಗಿದ್ದರು. ಇತ್ತ ಮನೆಯಿಂದ ದುಡ್ಡು ಕಳಿಸಲು ಆಗಲಿಲ್ಲ. ಮಗ ಬೈಕಿನ ಮೇಲೆ ನೋಟು ತೆಗೆದುಕೊಂಡು ಓಡಿದ.

ಗುಮ್ಮಟನಗರಿ ವಕೀಲ

ಮಾಸ್ತರ್ ಸರ್, ಅಡ್ಮಿನ್ ವಿಷಯದಲ್ಲಿ ಧೈರ್ಯವಾಗಿರಿ. ಬೇರೆಯವರು ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಕ್ರಿಮಿನಲ್ ಹೊಣೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಸೇರಿ ಸಂಚು ಮಾಡಿದ್ದರೆ ಮಾತು ಬೇರೆ.

ಮುರ್ಕಿ ಆದಮೇಲೆ ಏನಾಯಿತು ನೋಡಿ. ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಫಾರ್ವರ್ಡ್ ಆಗಿದ್ದು ಅಂತ ಗುರುತು ಬರುವುದೂ ಅದೇ ತಿಂಗಳು ಶುರುವಾಯಿತು. ಮುಂದಿನ ವರ್ಷ 5ರ ಮಿತಿ ಇಡೀ ಜಗತ್ತಿಗೆ ಬಂತು. ಇದು ಸುಳ್ಳಿನ ವೇಗ ಕಡಿಮೆ ಮಾಡುವ ಕ್ರಮ. ಅಜ್ಜಿಯ ರೇಷನ್ ನಿಲ್ಲಲಿಲ್ಲ ಅಲ್ವಾ?

ನಿಪ್ಪಾಣಿ ಗಡಿಯವ

ಗಡಿಯಲ್ಲಿರುವ ನಾನೊಂದು ಮಾತು ಹೇಳಲೇಬೇಕು. ಕೊಗನೊಳ್ಳಿ ಟೋಲ್ ದಾಟುವ ಮುಂಚೆಯೇ ಫೋನ್ ಮಹಾರಾಷ್ಟ್ರ ಸರ್ಕಲ್‌ಗೆ ಜಿಗಿಯುತ್ತದೆ. ಗಡಿಗೆ ಹತ್ತಿದ ಹಳ್ಳಿಗಳಲ್ಲಿ ಅಂಗಳದಲ್ಲಿ ನಿಂತರೆ ಕರ್ನಾಟಕದ ಟವರ್, ಹಿತ್ತಲಿಗೆ ಹೋದರೆ ಕಾಗಲ್ ಕಡೆಯ ಟವರ್. ಲೈಸೆನ್ಸ್ ಕೊಡುವಾಗ ಸರ್ಕಲ್ ಅಂತ ಗೆರೆ ಎಳೆದಿದ್ದಾರೆ. ರೇಡಿಯೋ ಅಲೆಗೆ ಆ ಗೆರೆ ಕಾಣುವುದಿಲ್ಲ.

ಗಡಿ ವಿಷಯಕ್ಕೆ ಗಲಾಟೆ ಆದಾಗಲೆಲ್ಲ ಎರಡೂ ಕಡೆಯಿಂದ ವಿಡಿಯೋ ಬರುತ್ತವೆ. ಬಸ್ಸಿಗೆ ಮಸಿ ಬಳಿದದ್ದು, ಕಲ್ಲು ಹೊಡೆದದ್ದು, ಅರ್ಧ ಹಳೇದು, ಅರ್ಧ ಹೊಸದು. ಈ ಕಡೆ ಬಂದ್ ಮಾಡಿದರೆ ಗಡಿಯವರಿಗೆ ಆ ಕಡೆಯ ಟವರ್‌ನಿಂದ ಸುಳ್ಳು ಬರುತ್ತಲೇ ಇರುತ್ತದೆ. "ಅದು ಹಳೇ ವಿಡಿಯೋ, ನಂಬಬೇಡಿ" ಅಂತ ಬೆಳಗಾವಿ ಪೊಲೀಸರು ಹಾಕಿದ್ದು ಮಾತ್ರ ಬೆಳಗಾವಿ ನೆಟ್‌ನಲ್ಲಿರುವವರಿಗೆ ತಲುಪುವುದಿಲ್ಲ. ಸುಳ್ಳಿಗೆ ದಾರಿ ಇದೆ, ನಿಜಕ್ಕೆ ಇಲ್ಲ. ಇದೆಂಥ ನ್ಯಾಯ?

ಬಾದಾಮಿ ಮಾಸ್ತರ್

ಈ ಮಾತಿಗೆ ತೂಕ ಇದೆ. ಪೊಲೀಸರ ಸ್ಪಷ್ಟನೆಯೂ ನಿಲ್ಲುತ್ತದೆ ಅನ್ನುವುದನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

ತಂತಿ ಕಚೇರಿ ಕಾಕಾ

ವಿಜಯಪುರದಿಂದ ಬರೆಯುತ್ತಿದ್ದೇನೆ. ನಿವೃತ್ತಿ ಆಗಿ ಬಹಳ ವರ್ಷವಾಯಿತು. ತಂತಿ ಕಳಿಸುವ ಕಾಲದಿಂದ ಕೆಲಸ ಮಾಡಿದವನು. ಆ ಸೇವೆ 2013ರ ಜುಲೈನಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂದಿತ್ತು.

1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಕಲಮು ನಮಗೆ ಬಾಯಿಪಾಠ. ಸಾರ್ವಜನಿಕ ತುರ್ತು ಬಂದರೆ ಸರ್ಕಾರ ಸಂದೇಶ ತಡೆಯಬಹುದು, ಹಿಡಿದಿಡಬಹುದು. ಆದರೆ ಅಲ್ಲಿ ಏನಿತ್ತು ಗೊತ್ತೇ? ಇಂಥ ವ್ಯಕ್ತಿಯ, ಇಂಥ ವರ್ಗದ, ಇಂಥ ವಿಷಯದ ಸಂದೇಶ ಅಂತ ಬಿಡಿಸಿ ಹೇಳಿತ್ತು. ಬ್ರಿಟಿಷರು ಬರೆದ ಕಾನೂನಿನಲ್ಲೂ ಒಂದು ಸಂದೇಶವನ್ನು ಬೇರೆ ಮಾಡಿ ನೋಡುವ ಬುದ್ಧಿ ಇತ್ತು. ಈಗ 2023ರ ದೂರಸಂಪರ್ಕ ಕಾಯ್ದೆ ಆ ಹಳೇ ಕಾಯ್ದೆಯ ಜಾಗಕ್ಕೆ ಬಂದಿದೆ. ಸೇವೆಯನ್ನೇ ನಿಲ್ಲಿಸುವ ಅಧಿಕಾರವನ್ನು ಅದರ 20ನೇ ಕಲಮಿನಲ್ಲಿ ನೇರವಾಗಿ ಬರೆದಿದ್ದಾರೆ. ಇದು ನನಗೆ ಹಿಡಿಸಲಿಲ್ಲ.

ಫೋನ್ ಕದ್ದು ಕೇಳುವುದೂ ಆ ಹಳೇ 5ನೇ ಕಲಮಿನ ಕೂಸು. ನಮ್ಮ ರಾಜ್ಯದಲ್ಲಿ 1988ರಲ್ಲಿ ಫೋನ್ ಕದ್ದಾಲಿಕೆ ಆರೋಪಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು.  1996ರಲ್ಲಿ ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿ ಸಹಿ ಬೇಕು, ಮತ್ತೊಂದು ಸಮಿತಿ ನೋಡಬೇಕು ಅಂತ. ವಕೀಲರು ಹೇಳಿದ ನೆಟ್ ಬಂದ್ ನಿಯಮಕ್ಕೂ ಅದೇ ಅಚ್ಚು.

ಸಮಿತಿಯಲ್ಲಿ ಕೂರುವವರೆಲ್ಲ ಸರ್ಕಾರದ ಕಾರ್ಯದರ್ಶಿಗಳೇ. ಹೊರಗಿನವರು ಒಬ್ಬರೂ ಇಲ್ಲ. ಒಬ್ಬ ನಿವೃತ್ತ ನ್ಯಾಯಾಧೀಶರನ್ನಾದರೂ ಕೂರಿಸಬೇಕು.

ಟಿಳಕವಾಡಿ ಕೇಬಲ್

ಎಲ್ಲರೂ ನೆಟ್ ಬಗ್ಗೆ ಹೇಳುತ್ತಿದ್ದೀರಿ, ನಾನು ಕೇಬಲ್ ಬಗ್ಗೆ ಹೇಳುತ್ತೇನೆ. ಬೆಳಗಾವಿಯಲ್ಲಿ ಕೇಬಲ್ ನಡೆಸುವುದು ಅಂದರೆ ದಿನಾ ಹಗ್ಗದ ಮೇಲೆ ನಡೆಯುವುದು. ಒಂದೇ ಓಣಿಯಲ್ಲಿ ಕನ್ನಡ ಮನೆ, ಮರಾಠಿ ಮನೆ, ಉರ್ದು ಮನೆ. ಒಂದು ಭಾಷೆಯ ಚಾನೆಲ್ ಅರ್ಧ ಗಂಟೆ ಬರದಿದ್ದರೆ ಫೋನ್ ಮೇಲೆ ಫೋನ್. ನಿಜವಾಗಿ ಸಿಗ್ನಲ್ ಹೋಗಿದ್ದರೂ ಯಾರೂ ನಂಬುವುದಿಲ್ಲ.

ಗಲಾಟೆ ದಿನ ಬೇರೆ ಥರದ ಫೋನ್ ಬರುತ್ತವೆ. "ಆ ನ್ಯೂಸ್ ಚಾನೆಲ್ ಎರಡು ತಾಸು ತೆಗೀರಿ, ಕರೆಂಟ್ ಹೋಗಿತ್ತು ಅನ್ರಿ" ಅಂತ. ಹೆಸರು ಹೇಳುವುದಿಲ್ಲ, ಎಲ್ಲ ಪಕ್ಷದವರೂ ಮಾಡಿದ್ದಾರೆ. ಕಂಟ್ರೋಲ್ ರೂಮಿನಲ್ಲಿ ರಾತ್ರಿ ಇರುವುದು ಒಬ್ಬನೇ ಹುಡುಗ. ಎದುರಿಗೆ ರ‍್ಯಾಕ್, ಅದರಲ್ಲಿ ಸಾಲಾಗಿ ಹಸಿರು ದೀಪ. ಒಂದು ವೈರ್ ಎಳೆದರೆ ಒಂದು ಚಾನೆಲ್ ಇಡೀ ಏರಿಯಾದಲ್ಲಿ ಕಪ್ಪು. ಅಷ್ಟು ಸುಲಭ ಅದು. ಅದಕ್ಕೇ ಆ ಹುಡುಗನಿಗೆ ಒಂದೇ ಮಾತು ಕಲಿಸಿದ್ದೇನೆ: "ಬರೆದು ಕೊಡ್ರಿ." ಆಮೇಲೆ ಆ ಫೋನ್ ಮತ್ತೆ ಬರುವುದಿಲ್ಲ.

1995ರ ಕೇಬಲ್ ಟಿವಿ ಕಾಯ್ದೆಯ 19ನೇ ಕಲಮಿನಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್, ಪೊಲೀಸ್ ಕಮಿಷನರ್ ಇವರಿಗೆ ಪ್ರಸಾರ ತಡೆಯುವ ಅಧಿಕಾರ ಇದೆ. ಆದರೆ ಆದೇಶ ಹೊರಡಿಸಿ ತಡೆಯಬೇಕು. ಫೋನಿನಲ್ಲಿ ಗದರಿಸಿ ಅಲ್ಲ. ಬರಹದಲ್ಲಿ ಕೊಟ್ಟರೆ ನಾನು ನಿಲ್ಲಿಸುತ್ತೇನೆ. ಬೇಜಾರಾದವರು ಆ ಕಾಗದ ಹಿಡಿದು ಕೋರ್ಟಿಗೆ ಹೋಗುತ್ತಾರೆ. ಕಾಗದವೇ ಇಲ್ಲದಿದ್ದರೆ ಯಾರ ಮೇಲೆ ಹೋಗುತ್ತಾರೆ? ನನ್ನ ಮೇಲೆ ಬರುತ್ತಾರೆ.

ನನ್ನದೂ ಒಂದು ಲೋಕಲ್ ಚಾನೆಲ್ ಇದೆ. ಜಾತ್ರೆ, ಮದುವೆ ಜಾಹೀರಾತು, ವಾರ್ಡಿನ ಸುದ್ದಿ. 2022ರ ಮಾರ್ಗಸೂಚಿ ಪ್ರಕಾರ ಅದನ್ನು ನೋಂದಾಯಿಸಬೇಕು, 90 ದಿನದ ರೆಕಾರ್ಡಿಂಗ್ ಇಟ್ಟಿರಬೇಕು. ಇದು ಸರಿಯಾದ ನಿಯಮ. ನಾನು ಹೇಳಿದ್ದಕ್ಕೆ ನಾನೇ ಹೊಣೆ. ಆದರೆ ನನ್ನ ತಂತಿಯಲ್ಲಿ ಹೋಗುವ ನೂರಾರು ಚಾನೆಲ್ ಹೇಳಿದ್ದಕ್ಕೆ ನಾನು ಹೊಣೆ ಅಲ್ಲ. ಅವನ್ನು ಆರಿಸುವ ಅಧಿಕಾರವೂ ನನಗೆ ಬೇಡ.

ಮಚ್ಛೆ ವಿದ್ಯಾರ್ಥಿ

ಕೇಬಲ್ ಅಣ್ಣ ಹೇಳಿದ ಕೊನೆಯ ಮಾತು ನೆಟ್‌ಗೂ ಕಾನೂನಾಗಿದೆ. ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ, ನೆಟ್‌ವರ್ಕ್ ನನ್ನ ವಿಷಯ. 2015-16ರಲ್ಲಿ ಕೆಲವು ಸೈಟು ಮಾತ್ರ ಪುಕ್ಕಟೆ ಕೊಡುವ ಯೋಜನೆಗಳು ಬಂದಿದ್ದವು. ಬಡವರಿಗೆ ಒಳ್ಳೇದು ಅಂತ ಪ್ರಚಾರ. ಲಕ್ಷಾಂತರ ಜನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಇಮೇಲ್ ಬರೆದು ಬೇಡ ಅಂದರು. 2016ರ ಫೆಬ್ರುವರಿ 8ರಂದು ಟ್ರಾಯ್ ಆದೇಶ ಮಾಡಿತು: ಯಾವ ಸೈಟು ನೋಡುತ್ತೀರಿ ಅನ್ನುವುದರ ಮೇಲೆ ಡೇಟಾಗೆ ಬೇರೆ ಬೇರೆ ದರ ಹಾಕುವಂತಿಲ್ಲ. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. 2018ರಲ್ಲಿ ದೂರಸಂಪರ್ಕ ಇಲಾಖೆ ಇದನ್ನು ವೇಗಕ್ಕೂ ವಿಸ್ತರಿಸಿ ಲೈಸೆನ್ಸಿನ ಷರತ್ತು ಮಾಡಿತು. ಒಂದು ಸೈಟು ನಿಧಾನ, ಇನ್ನೊಂದು ಜೋರು ಮಾಡುವಂತಿಲ್ಲ.

ನಮ್ಮಪ್ಪನಿಗೆ ಹೀಗೆ ಹೇಳಿದೆ. ಘಟಪ್ರಭಾ ಕಾಲುವೆಯ ತೂಬು ಎತ್ತುವವನು ಸರದಿ ಮಾತ್ರ ನೋಡಬೇಕು. ಹೊಲದಲ್ಲಿ ಕಬ್ಬಿದೆಯೋ ಜೋಳವಿದೆಯೋ ಅಂತ ನೋಡಿ ನೀರು ಬಿಡುವ ಹಾಗಿಲ್ಲ. ತಕ್ಷಣ ತಿಳಿಯಿತು ಅವರಿಗೆ.

ಇನ್ನೊಂದು ವಿಷಯ. 2023ರಲ್ಲಿ ಟ್ರಾಯ್ ಒಂದು ಪ್ರಶ್ನೆ ಮುಂದಿಟ್ಟು ಅಭಿಪ್ರಾಯ ಕೇಳಿತ್ತು. ಇಡೀ ನೆಟ್ ಬಂದ್ ಮಾಡುವ ಬದಲು ಕೆಲವು ಆ್ಯಪ್ ಮಾತ್ರ ತಡೆದರೆ ಹೇಗೆ ಅಂತ. ಕೇಳಲು ಚೆನ್ನಾಗಿದೆ. ಮಾಡಲು ಕಷ್ಟ. ಒಂದೇ ಕ್ಲೌಡ್ ಸರ್ವರ್ ಮೇಲೆ ಹತ್ತಾರು ಆ್ಯಪ್ ಕೂತಿರುತ್ತವೆ. ಒಂದರ ವಿಳಾಸ ಮುಚ್ಚಲು ಹೋದರೆ ಪಕ್ಕದ ಬ್ಯಾಂಕಿನದೋ ಆಸ್ಪತ್ರೆಯದೋ ಮುಚ್ಚಬಹುದು. ವಿಪಿಎನ್ (ತಡೆ ತಪ್ಪಿಸಿ ಬೇರೆ ದಾರಿಯಲ್ಲಿ ಕೊಂಡೊಯ್ಯುವ ತಂತ್ರ) ಹಾಕಿಕೊಂಡವನು ಆರಾಮಾಗಿ ದಾಟಿ ಹೋಗುತ್ತಾನೆ. ಅದನ್ನು ಬಳಸಲು ಬರದವರೇ ಸಿಕ್ಕಿಬೀಳುವುದು.

ತಂತಿ ಕಚೇರಿ ಕಾಕಾ

ಭೇಷ್ ತಮ್ಮಾ. ತಾಂತ್ರಿಕದವರು ಹೀಗೆ ಬಿಡಿಸಿ ಹೇಳಿದರೆ ಅಧಿಕಾರಿಗಳಿಗೂ ಉಪಯೋಗ.

ಇಳಕಲ್ ಸೀರೆ ಅಂಗಡಿ

ತಡವಾಗಿ ಬಂದೆ. ನಿಮ್ಮೆಲ್ಲರ ಮಾತು ಒಪ್ಪುತ್ತೇನೆ, ಆದರೆ ಒಂದು ಕಡೆ ನೋವಿದೆ. ಮಾತು ಬಿಟ್ಟುಬಿಡಿ, ದಾರಿ ಮುಟ್ಟಬೇಡಿ ಅನ್ನುವುದು ಸುಲಭ. ನನಗೆ ಆಗಿದ್ದು ಕೇಳಿ.

ಮನೆಯಲ್ಲೇ ಮಗ್ಗ. ಟೋಪ್ ತೆನೆಯ ಸೀರೆ ಫೋಟೋ ಹಾಕಿ ವಾಟ್ಸಾಪಿನಲ್ಲಿ, ಇನ್‌ಸ್ಟಾದಲ್ಲಿ ಮಾರುತ್ತೇವೆ. ಯಾರೋ ನನ್ನ ಫೋಟೋ, ಅಂಗಡಿ ಹೆಸರು ಎತ್ತಿಕೊಂಡು ಬೇರೆ ಪೇಜ್ ಮಾಡಿ ದುಡ್ಡು ತೆಗೆದುಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ಕೇಳಿದ್ದಕ್ಕೆ ನನ್ನ ಮುಖವನ್ನು ಬೇರೆ ಯಾವುದೋ ಕೊಳಕು ಚಿತ್ರಕ್ಕೆ ಅಂಟಿಸಿ ಹಾಕಿದರು. ನಾನು ರಿಪೋರ್ಟ್ ಒತ್ತಿದೆ. "ನಮ್ಮ ನಿಯಮ ಮೀರಿಲ್ಲ" ಅಂತ ಉತ್ತರ ಬಂತು. ಯಾವ ನಿಯಮ ಅದು? ಯಾರು ನೋಡಿದರು? ಒಂದು ಠಾಣೆಗೆ ಹೋದರೆ ಸ್ಕ್ರೀನ್‌ಶಾಟ್ ನೋಡಿ "ಬ್ಲಾಕ್ ಮಾಡಮ್ಮಾ, ಸುಮ್ನಿರು" ಅಂದರು. ಎರಡು ವಾರ ಮನೆಯಿಂದ ಹೊರಗೆ ಬರಲಿಲ್ಲ ನಾನು. ದೊಡ್ಡ ಗಲಾಟೆಗೆ ಊರಿನ ನೆಟ್ ನಿಲ್ಲಿಸುತ್ತೇವೆ ಅನ್ನುವವರಿಗೆ ಒಂದು ಚಿತ್ರ ತೆಗೆಸಲು ಯಾಕೆ ಆಗುವುದಿಲ್ಲ?

ಗುಮ್ಮಟನಗರಿ ವಕೀಲ

ತಂಗಿ, ಈ ಚರ್ಚೆಯ ತಿರುಳು ನಿಮ್ಮ ಪ್ರಶ್ನೆಯಲ್ಲೇ ಇದೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆ ಹೆಣ್ಣುಮಕ್ಕಳಿಗೂ ಬೇಕಾಗುತ್ತದೆ.

2021ರ ಐಟಿ ನಿಯಮದಲ್ಲಿ ನಗ್ನ ಚಿತ್ರ, ಮುಖ ಬದಲಿಸಿದ ಚಿತ್ರ, ಬೇರೆಯವರ ಹೆಸರಲ್ಲಿ ನಟಿಸುವುದು ಇವಕ್ಕೆ ಪ್ರತ್ಯೇಕ ದಾರಿ ಇದೆ. ಚಿತ್ರದಲ್ಲಿರುವವರು ಅಥವಾ ಅವರ ಪರವಾಗಿ ಬೇರೆಯವರು ದೂರು ಕೊಟ್ಟರೆ 24 ಗಂಟೆಯಲ್ಲಿ ತೆಗೆಯಬೇಕು ಅಂತ ಆಗ ಬಂತು, ಆಮೇಲಿನ ತಿದ್ದುಪಡಿಗಳು ಇನ್ನೂ ಬಿಗಿ ಮಾಡಿವೆ. ಆದರೆ ಬರೀ ರಿಪೋರ್ಟ್ ಬಟನ್ ಸಾಲದು. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಅವರು ಕೊಟ್ಟಿರುವ ಫಾರಂನಲ್ಲಿ ಬರೆಯಿರಿ. ಸ್ಕ್ರೀನ್‌ಶಾಟ್ ಜೊತೆ ಪೋಸ್ಟಿನ ಲಿಂಕ್ ಹಾಕಲೇಬೇಕು. ಲಿಂಕ್ ಇಲ್ಲದಿದ್ದರೆ ಆ ಪೋಸ್ಟ್ ಹುಡುಕುವುದೇ ಕಷ್ಟ. ಅವರ ಉತ್ತರ ಸರಿಯಿಲ್ಲದಿದ್ದರೆ 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಲ್ಲೇ ಹೋಗಬಹುದು. 2023ರಿಂದ ಈ ಸಮಿತಿ ಇದೆ, ಶುಲ್ಕ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಫೋನ್ ಮಾಡಿ. ಠಾಣೆಯಲ್ಲಿ ಹಾಗಂದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಿ, ಇಲ್ಲ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹಾಕಿ.

ಈಗ ದೊಡ್ಡ ಮಾತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೆಟ್ ಮೇಲಿನ ಮಾತಿಗೆ ಜೈಲು ಹಾಕುವ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಪೋಸ್ಟ್, ಸೈಟು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ 69ಎ ಉಳಿಸಿತು, ಯಾಕೆಂದರೆ ಅದರಲ್ಲಿ ಸಮಿತಿ ಇದೆ, ಕಾರಣ ಬರೆಯಬೇಕು. ಆದರೆ 69ಎ ಅಡಿಯ 2009ರ ನಿಯಮದಲ್ಲಿ ಎಲ್ಲ ಗುಟ್ಟಾಗಿಡಬೇಕು ಅಂತಿದೆ. ಪೋಸ್ಟ್ ಹಾಕಿದವನಿಗೆ ಎಷ್ಟೋ ಸಲ ಯಾಕೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಇದರ ಜೊತೆಗೆ ಸಹಯೋಗ್ ಪೋರ್ಟಲ್ ಬಂದಿದೆ. ಬೇರೆ ಬೇರೆ ಇಲಾಖೆಯವರು, ರಾಜ್ಯದ ಪೊಲೀಸರು ಅದರ ಮೂಲಕ ಕಂಪನಿಗಳಿಗೆ ತೆಗೆಯಿರಿ ಅಂತ ನೋಟಿಸ್ ಕಳಿಸುತ್ತಾರೆ. ಎಕ್ಸ್ (ಹಳೇ ಟ್ವಿಟರ್) ಕಂಪನಿ ಅದನ್ನು ಪ್ರಶ್ನಿಸಿ ನಮ್ಮ ಹೈಕೋರ್ಟಿಗೇ ಬಂದಿತ್ತು. 2025ರ ಸೆಪ್ಟೆಂಬರ್ 24ರಂದು ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿತು. ಆ ತೀರ್ಪಿನ ಬಗ್ಗೆ ನನಗೆ ತಕರಾರಿದೆ. ಸರ್ಕಾರದ ಕೈಯಲ್ಲಿ ಬೇಗ ತೆಗೆಸುವ ದಾರಿ ಇದೆ. ನಿಮ್ಮಂಥವರಿಗೆ ಅಷ್ಟೇ ಬೇಗ ಕೆಲಸ ಮಾಡುವ ದಾರಿ ಕಟ್ಟಿಲ್ಲ. ನನ್ನ ಸಿಟ್ಟು ಅಲ್ಲಿದೆ.

ಟಿಳಕವಾಡಿ ಕೇಬಲ್

ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ 2025ರ ಡಿಸೆಂಬರ್ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಪಾಸಾಯಿತು. ಗೊತ್ತುಪಡಿಸಿದ ಅಧಿಕಾರಿ ಇಂಥ ಪೋಸ್ಟ್ ತೆಗೆಯಿರಿ ಅಂತ ನೇರವಾಗಿ ಹೇಳಬಹುದು ಅನ್ನುವ ಕಲಮು ಅದರಲ್ಲಿತ್ತು. ಅದೂ ಇದೇ ಸಾಲಿಗೆ ಸೇರುತ್ತದಲ್ವಾ?

ಗುಮ್ಮಟನಗರಿ ವಕೀಲ

ಹೌದು. ದ್ವೇಷದ ಮಾತಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ನನಗೆ ಎರಡು ಮನಸ್ಸಿಲ್ಲ. ಆದರೆ ಯಾವುದು ದ್ವೇಷ ಅಂತ ತೀರ್ಮಾನಿಸುವವನೂ, ತೆಗೆಸುವವನೂ ಒಬ್ಬನೇ ಅಧಿಕಾರಿ ಆಗಬಾರದು. ತುರ್ತು ಇದ್ದರೆ ತಕ್ಷಣ ತೆಗೆಸಲಿ. ಎರಡು ದಿನದಲ್ಲಿ ನ್ಯಾಯಾಧೀಶರ ಮುಂದೆ ಇಡಲಿ.

ಬಾದಾಮಿ ಮಾಸ್ತರ್

ಇದನ್ನು ಪೂರ್ತಿ ಒಪ್ಪುತ್ತೇನೆ. ಒಂದೇ ಒಂದು ಬಿಡಲಾರೆ. ಮುರ್ಕಿಯಂಥ ರಾತ್ರಿ, ಜನ ಕಲ್ಲು ಹಿಡಿದು ನಿಂತಾಗ, ಆ ಒಂದು ಹೋಬಳಿಯಲ್ಲಿ ಕೆಲವು ತಾಸು ನೆಟ್ ನಿಲ್ಲಿಸುವ ದಾರಿ ಇರಲಿ. ಜಿಲ್ಲೆಗೆ ಜಿಲ್ಲೆ ಬೇಡ. ಕರೆ, ಎಸ್‌ಎಂಎಸ್ ನಡೆಯಲಿ.

ನಿಪ್ಪಾಣಿ ಗಡಿಯವ

ಸರ್, ರೇಷನ್ ಮಷಿನ್‌ನಲ್ಲೂ ಎಷ್ಟೋ ಕಡೆ ಇರುವುದು ಮೊಬೈಲ್ ಸಿಮ್ಮೇ. ಹಬ್ಬದ ವಾರವೇ ಹಂಚುತ್ತಿದ್ದರೆ? ಒಂದು ತಾಸು ಅಂತ ಶುರುವಾದದ್ದು ಅಲ್ಲಿಗೇ ನಿಲ್ಲುತ್ತದೆ ಅನ್ನುವ ನಂಬಿಕೆ ನನಗಿಲ್ಲ. ನಮ್ಮಿಬ್ಬರಿಗೆ ಇದರಲ್ಲಿ ಒಮ್ಮತ ಆಗುವುದಿಲ್ಲ, ಇರಲಿ.

ಜಮಖಂಡಿ ಸೇವಾಕೇಂದ್ರ

ಎಲ್ಲರಿಗೂ ಶರಣು. ಸಭೆಯಲ್ಲಿ ಹೇಳುವುದು ಈಗ ನನಗೆ ಸ್ಪಷ್ಟವಾಗಿದೆ. ಸುಳ್ಳು ವಿಡಿಯೋ ಬಂದರೆ ಲಿಂಕ್ ಸಮೇತ ಸಿಇಎನ್ ಠಾಣೆಗೆ, ಅದೇ ಗ್ರೂಪಿನಲ್ಲಿ ಪಿಎಸ್‌ಐ ಸಾಹೇಬರ ಸ್ಪಷ್ಟನೆ, ನೆಟ್ ಮುಟ್ಟುವುದು ಬೇಡ. ಇಳಕಲ್ ಅಕ್ಕಾ, ನಿಮ್ಮ ದೂರಿನ ಫಾರಂ ನಾನೇ ತುಂಬಿಕೊಡುತ್ತೇನೆ, ಲಿಂಕ್ ಕಳಿಸಿ. ದುಡ್ಡು ಬೇಡ.

ಫೈಬರ್ ಹೋದಾಗ ನಮ್ಮ ರಿಚಾರ್ಜ್ ದಿನಗಳು ಹಾಗೇ ಹೋದವು. ಅದಕ್ಕೇನಾದರೂ ಇದೆಯೇ?

ಮಚ್ಛೆ ವಿದ್ಯಾರ್ಥಿ

ಟ್ರಾಯ್‌ನ 2024ರ ಗುಣಮಟ್ಟ ನಿಯಮದಲ್ಲಿ ಇದೆ ಅಕ್ಕಾ. ಜಿಲ್ಲೆಯ ಮಟ್ಟದಲ್ಲಿ 24 ಗಂಟೆಗಿಂತ ಜಾಸ್ತಿ ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ. ಒಂದು ಹಳ್ಳಿಯದು ಇದರೊಳಗೆ ಬರುವುದು ಕಷ್ಟ. ಅದೇ ಇದರ ಕೊರತೆ.

ಗುಮ್ಮಟನಗರಿ ವಕೀಲ

ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತೆಗೆದುಕೊಳ್ಳುವುದಿಲ್ಲ. ಮೊದಲು ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಆಮೇಲೆ ಅವರದೇ ಮೇಲ್ಮನವಿ ಅಧಿಕಾರಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತಾರು ಮನೆಯವರು ಸೇರಿ ಹಾಕಿ. ಕಾಗದ ನಾನು ತಯಾರು ಮಾಡಿಕೊಡುತ್ತೇನೆ.

ಟಿಳಕವಾಡಿ ಕೇಬಲ್

ವಕೀಲರೇ, ಈ ಕಡೆ ಬಂದಾಗ ತಿಳಿಸಿ. ಹೆಣ್ಣುಮಕ್ಕಳ ದೂರಿನ ದಾರಿಯನ್ನು ನಮ್ಮ ಲೋಕಲ್ ಚಾನೆಲ್‌ನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಹಾಕೋಣ. ರೆಕಾರ್ಡಿಂಗ್ ಹೇಗೂ 90 ದಿನ ಇರುತ್ತದೆ, ಕೇಳಿದವರಿಗೆ ಕಾಪಿ ಕೊಡುತ್ತೇನೆ.